ಮೊದಲು ಕ್ರಿಯಾಪದ ಹುಡುಕಿ

ಒಂಬತ್ತನೇ ತರಗತಿಗೆ ಒಂದು ಪುಟ ಓದಿಸುತ್ತಿದ್ದೆ. ಅದರಲ್ಲಿ ಹೀಗೊಂದು ವಾಕ್ಯ: "ಅಂತರ್ಜಲದ ಮಿತಿಮೀರಿದ ಬಳಕೆಯಿಂದಾಗಿ ಕೊಳವೆಬಾವಿಗಳನ್ನು ಹೆಚ್ಚು ಆಳಕ್ಕೆ ಕೊರೆಯಲಾಗುತ್ತಿದ್ದು, ಶಿಲೆಗಳೊಂದಿಗೆ ದೀರ್ಘಕಾಲ ಸಂಪರ್ಕದಲ್ಲಿರುವ ಆ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಅಧಿಕವಾಗಿರುತ್ತದೆ." ಒಬ್ಬ ಹುಡುಗ ಒಂದು ಅಕ್ಷರವೂ ತಪ್ಪದೆ ಗಟ್ಟಿಯಾಗಿ ಓದಿದ. ಏನು ಅರ್ಥ ಆಯ್ತು ಅಂತ ಕೇಳಿದೆ. ತಲೆ ತಗ್ಗಿಸಿದ.

ಮೊದಲೆಲ್ಲ ನಾನೇ ಸುಲಭ ಮಾಡಿ ಹೇಳಿಬಿಡುತ್ತಿದ್ದೆ. ಪಾಠ ಬೇಗ ಮುಗಿಯುತ್ತೆ, ಪ್ರಶ್ನೋತ್ತರ ಬರೆಸಿದರೆ ಆಯ್ತು. ಆದರೆ ಅಲ್ಲಿ ಓದಿದ್ದು ನಾನು, ಮಕ್ಕಳಲ್ಲ. ಮುಂದಿನ ಪುಟಕ್ಕೂ ನಾನೇ ಬೇಕು.

ಮನೆ ಕಟ್ಟುವಾಗ ಗಾರೆಯವರು ಸಾರುವೆ ಕಟ್ಟುತ್ತಾರೆ ಅಲ್ವಾ? ಕೈ ಎಟುಕಲ್ಲ ಅಂತ ಯಾರೂ ಗೋಡೆಯನ್ನು ಕುಳ್ಳಗೆ ಮಾಡಲ್ಲ, ನಿಲ್ಲೋಕೆ ಹಲಗೆ ಹಾಕುತ್ತಾರೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಈ ಸಾರುವೆಯ ಮಾತನ್ನೇ ಕಲಿಕೆಗೆ ತಂದರು. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಜೋಡಿಸುವಾಗ ದೊಡ್ಡವರು ಎಲ್ಲಿ ಕೈ ಕೊಡಬೇಕು, ಎಲ್ಲಿ ಸುಮ್ನೆ ಇರಬೇಕು ಅನ್ನೋದನ್ನು ಅವರು ನೋಡಿದ್ದರು.

ಹಾಗಾಗಿ ಪುಸ್ತಕ ಮುಚ್ಚಿಸಿದೆ. ಕುಡಿಯೋ ನೀರಿಗೆ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕಕ್ಕೆ ಯಾಕೆ ಹೋಗ್ತೀರಿ, ಮನೆ ಹತ್ತಿರ ಬೋರ್‌ವೆಲ್ ನೀರು ಬರಲ್ವಾ ಅಂತ ಕೇಳಿದೆ. ಕೋಲಾರದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾವಿರ ಅಡಿ ಕೊರೆಸಿದ್ದು, ಹಲ್ಲಿನ ಮೇಲಿನ ಕಂದು ಕಲೆ, ಎಲ್ಲಾ ಅವರಿಂದಲೇ ಬಂತು. ಆ ಕಲೆ ತರೋದು ಫ್ಲೋರೈಡ್, ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ನೀರು ಕುಡಿಯೋಕೆ ಯೋಗ್ಯವಲ್ಲ ಅನ್ನೋದಷ್ಟನ್ನೇ ನಾನು ಸೇರಿಸಿದೆ.

ಆಮೇಲೆ ಮತ್ತೆ ಅದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಇರುತ್ತೆ, ಅಲ್ಲಿಗೆ ಹೋಗೋಷ್ಟರಲ್ಲಿ ಮಕ್ಕಳಿಗೆ ಮೊದಲರ್ಧ ಮರೆತುಹೋಗಿರುತ್ತೆ. ಅದಕ್ಕೇ ಬಾಲದಿಂದ ಹಿಡಿಯೋಣ ಅಂದೆ. "ಅಧಿಕವಾಗಿರುತ್ತದೆ." ಏನು ಅಧಿಕ? ಫ್ಲೋರೈಡ್. ಎಲ್ಲಿ? ಆ ನೀರಿನಲ್ಲಿ. ಯಾವ ನೀರು? ಇಲ್ಲಿ ಎಲ್ಲರೂ ನಿಂತರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 'ಆ' ಅನ್ನೋ ಅಕ್ಷರಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕಿ, ಅಲ್ಲಿಂದ ಮೇಲಿನ ಸಾಲಿನ 'ಆಳಕ್ಕೆ' ತನಕ ಒಂದು ಬಾಣ ಎಳೆದಳು. 'ಇಂದಾಗಿ' ಅಂದ ಕಡೆ ಕಾರಣ ಇದೆ ಅಂತ ಗೆರೆ ಹಾಕಿದೆವು. 'ಕೊರೆಯಲಾಗುತ್ತಿದ್ದು' ಬಂದಾಗ, ಕೊರೆಯೋರು ಯಾರು ಅಂತ ಇಲ್ಲಿ ಬರೆದೇ ಇಲ್ಲ, ಯಾರಿರಬಹುದು ಅಂದೆ. "ನಾವೇ ಸರ್, ಹೋದ ವರ್ಷ ತೋಟದಲ್ಲಿ ಎರಡು ಹಾಕಿಸಿದ್ವಿ" ಅಂದ ಮೊದಲು ಓದಿದ ಹುಡುಗ. ಒಂದೇ ವಾಕ್ಯಕ್ಕೆ ಅರ್ಧ ಪೀರಿಯಡ್ ಹೋಯ್ತು, ನನಗೆ ಅದು ಜಾಸ್ತಿ ಅನ್ನಿಸಲಿಲ್ಲ.

ಇನ್ನೊಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅವರಿಗೆ 'ಅಧಿಕವಾಗಿರುತ್ತದೆ' ಅನ್ನೋ ಪುಸ್ತಕದ ಕನ್ನಡ ಇನ್ನೂ ದೂರ. ಪಕ್ಕದವರ ಜೊತೆ ಮೊದಲು ತೆಲುಗಲ್ಲೇ ಮಾತಾಡಿಕೊಳ್ಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ ಅಂತ ಬಿಡ್ತೀನಿ. ಕ್ಲಾಸಲ್ಲಿ ತೆಲುಗು ಮಾತಾಡಿದರೆ ಗದರೋದು ತಪ್ಪು, ಅರ್ಥ ಮಾಡಿಕೊಳ್ಳೋಕೆ ಇರೋ ಒಂದು ಹಲಗೆಯನ್ನೂ ಕಿತ್ತುಹಾಕಿದ ಹಾಗೆ.

ಸಾರುವೆ ಬಿಚ್ಚೋದೇ ಕಷ್ಟದ ಕೆಲಸ. ಎರಡನೇ ವಾರ 'ಕ್ರಿಯಾಪದ?' ಅಂತ ಮಾತ್ರ ಕೇಳಿದೆ. ಮೂರನೇ ವಾರ ಅದೂ ಇಲ್ಲ. ಮಗು ತಡವರಿಸುವಾಗ ಬಾಯಿ ಮುಚ್ಚಿಕೊಂಡು ನಿಲ್ಲೋದು ನನಗೆ ಈಗಲೂ ಸುಲಭವಲ್ಲ. ಆದರೂ ಮೊನ್ನೆ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ಒಂದು ಪುಟ ಕೊಟ್ಟು ದೂರ ನಿಂತೆ. ಬಾಣ ಎಳೆದಿದ್ದ ಹುಡುಗಿ ಈ ಸಲ ಪೆನ್ಸಿಲ್ ಮುಟ್ಟಲಿಲ್ಲ. ಎರಡು ಸಲ ಓದಿ ಕೈ ಎತ್ತಿದಳು. "ಸರ್, ಇಲ್ಲಿ ಎರಡು ಹಂತ ಶುದ್ಧ ಮಾಡಿ ಬಿಡ್ತಾರೆ ಅಂತಿದೆ. ಮೂರನೇ ಹಂತ ಅಂದ್ರೆ ಏನು, ಅದನ್ನ ಯಾಕೆ ಮಾಡಲ್ಲ?"

ನಾಲ್ಕು ಮಕ್ಕಳಿಗೆ ಇನ್ನೂ ಬಾಣ ಬೇಕು. ಅವರ ಜೊತೆ ನಾಳೆಯೂ ಕೂರ್ತೀನಿ.