ಕಡಲಿಗೆ ಸರ್ವೆ ನಂಬರ್ ಇಲ್ಲ

ಐಪಿಎಲ್ ಶುರುವಾದರೆ ಮಾಲೂರಿನ ನಮ್ಮ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ಸುನಿಲ್ ನರೈನ್ ಬೌಲಿಂಗಿಗೆ ಬಂದ ತಕ್ಷಣ ಚಿಕ್ಕಪ್ಪ "ನೋಡೋ, ಇವನು ನಮ್ಮ ಕಡೆಯವನೇ" ಅನ್ನುತ್ತಾರೆ. ವೆಸ್ಟ್ ಇಂಡೀಸಿನವನು ಚಿಕ್ಕಪ್ಪ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಈ ಸಲ ರೇಗಿ ಹೋಗಿ ಕೂತು ಓದಿದೆ. ಚಿಕ್ಕಪ್ಪ ಪೂರ್ತಿ ತಪ್ಪೇನಲ್ಲ. ನರೈನ್ ಅಂದರೆ ನಾರಾಯಣ. ಸುನಿಲ್ ಅಂತ ಹೆಸರಿಟ್ಟಿದ್ದು ಗವಾಸ್ಕರ್ ಮೇಲಿನ ಅಭಿಮಾನಕ್ಕೆ.

ಅವನ ಊರು ಟ್ರಿನಿಡಾಡ್. ವೆನೆಜುವೆಲಾದ ಪಕ್ಕದಲ್ಲೇ ಇರುವ ದ್ವೀಪ, ತೀರಾ ಹತ್ತಿರವಿರುವ ಕಡೆ ನಡುವೆ 11 ಕಿಲೋಮೀಟರ್ ನೀರು ಅಷ್ಟೇ. 1498ರಲ್ಲಿ ಕೊಲಂಬಸ್ ಬಂದ, ಆಮೇಲೆ ಸ್ಪೇನಿನವರು ಆಳಿದರು, 1797ರಲ್ಲಿ ಬ್ರಿಟಿಷರು ಕಿತ್ತುಕೊಂಡರು. 1838ರಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಲ್ಲಿ ಕಡಿಮೆ ಕೂಲಿಗೆ ದುಡಿಯುವ ಜನ ಬೇಕಾಯಿತು. ಆಗ ನೆನಪಾಗಿದ್ದು ನಾವು! 1845ರ ಮೇ 30ರಂದು 'ಫತೇಲ್ ರಜಾಕ್' ಅನ್ನುವ ಹಡಗು ಇನ್ನೂರು ಚಿಲ್ಲರೆ ಜನರನ್ನು ಅಲ್ಲಿ ಇಳಿಸಿತು. 1917ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಸುಮಾರು 1,43,000. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸಿನಿಂದಲೂ ಒಂದಷ್ಟು ಹಡಗು ಹೋಗಿವೆ. ಅಲ್ಲಿನ ಬೀದಿ ತಿಂಡಿ ಡಬಲ್ಸ್ ಅಂದರೆ ಎರಡು ಮೆತ್ತನೆಯ ಕರಿದ ರೊಟ್ಟಿ ಮೇಲೆ ಕಾಬೂಲ್ ಕಡಲೆ, ಹುಣಸೆ ಚಟ್ನಿ. ನಮ್ಮ ಬಂಗಾರಪೇಟೆ ಚಾಟ್ಸಿನವರ ಕೈಗೆ ಸಿಕ್ಕರೆ ಏನಾಗುತ್ತೋ.

ಇದೆಲ್ಲ ಇರಲಿ, ನಾನು ಹೇಳಬೇಕಂತ ಕೂತಿದ್ದು ಸಿವ್‌ದಾಸ್ ಸಾಧು ವಿಷಯ. ನಮ್ಮ ಬಾಯಲ್ಲಿ ಶಿವದಾಸ. ಇಲ್ಲಿಂದ ಚಿಕ್ಕವಯಸ್ಸಿನಲ್ಲೇ ಹೋಗಿ ಅಲ್ಲಿ ಕಬ್ಬಿನ ಕೂಲಿ ಮಾಡಿದವನು. 1947ರಲ್ಲಿ ವಾಟರ್‌ಲೂ ಅನ್ನುವ ಊರಿನ ಕಡಲ ದಂಡೆಯಲ್ಲಿ ಒಂದು ಚಿಕ್ಕ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದ್ದು. ಒಡಿ ಅಂದರು, ಇವನು ಒಪ್ಪಲಿಲ್ಲ. 1952ರಲ್ಲಿ ಇವನನ್ನು ಜೈಲಿಗೆ ಹಾಕಿ ಗುಡಿ ಕೆಡವಿದರು.

ಹೊರಗೆ ಬಂದವನು ಏನು ಮಾಡಿದ ಗೊತ್ತಾ? ನೆಲ ನಿಮ್ಮದು ತಾನೇ, ಕಡಲು ಯಾರದ್ದೂ ಅಲ್ಲವಲ್ಲ ಅಂತ ನೀರಿನೊಳಗೇ ಕಟ್ಟೋಕೆ ಹೊರಟ. ನಮ್ಮ ಕಡೆ ಕೆರೆ ಒತ್ತುವರಿ ಮಾಮೂಲು, ಇವನದ್ದು ಕಡಲು ಒತ್ತುವರಿ! ಸೈಕಲ್ಲಿಗೆ ಬಕೆಟ್ ನೇತುಹಾಕಿಕೊಂಡು ಕಲ್ಲು, ಸಿಮೆಂಟು ಸಾಗಿಸಿದ. ನೀರು ಇಳಿದಾಗ ಕಬ್ಬಿಣದ ಡ್ರಮ್ಮುಗಳನ್ನು ನಿಲ್ಲಿಸಿ ಅದರೊಳಗೆ ಕಾಂಕ್ರೀಟು ತುಂಬಿದ. ಜನ ಹುಚ್ಚ ಅಂದರು. ವರ್ಷಗಟ್ಟಲೆ ಒಬ್ಬನೇ ದುಡಿದ. ಅಲೆ ಹೊಡೆದು ಹಾಳಾಗಿದ್ದ ಆ ಗುಡಿಯನ್ನು 1995ರ ಹೊತ್ತಿಗೆ, ಮೊದಲ ಹಡಗು ಬಂದು 150 ವರ್ಷವಾದ ನೆಪದಲ್ಲಿ, ಸರ್ಕಾರವೇ ಮುಂದೆ ನಿಂತು ಕಟ್ಟಿಸಿತು.

ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಜೈಲು, ಕಂಪನಿ, ದೇವರು ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಬೋರ್‌ವೆಲ್ ಬತ್ತಿದ ವರ್ಷಗಳಲ್ಲಿ ಪಕ್ಕದ ಊರಿನಿಂದ ಸೈಕಲ್ಲಿನಲ್ಲಿ ನೀರು ಹೊತ್ತವರು ಅವರು, ಹ್ಯಾಂಡಲ್ಲಿಗೆ ಎರಡು, ಹಿಂದೆ ಎರಡು ಪ್ಲಾಸ್ಟಿಕ್ ಬಿಂದಿಗೆ ಕಟ್ಟಿಕೊಂಡು. ಟಿವಿ ಸೌಂಡ್ ಕಡಿಮೆ ಮಾಡಿ ಕೇಳಿದರು: "ಎರಡೂ ಕಡೆ ಬಕೆಟ್ ಇತ್ತೇನೋ? ಒಂದೇ ಕಡೆ ಹಾಕಿದರೆ ಇಳಿಜಾರಲ್ಲಿ ಎಳೆದುಬಿಡುತ್ತೆ."

ಎರಡೂ ಕಡೆ ಇತ್ತು ಚಿಕ್ಕಪ್ಪ ಅಂದೆ. "ಹಂಗಾದ್ರೆ ಸರಿ" ಅಂದು ಸೌಂಡ್ ಜಾಸ್ತಿ ಮಾಡಿದರು.