ಅಜ್ಜಿಮನೆ ಬಸಳೆ: ಒಂದು ಚಪ್ಪರದ ವರ್ಷದ ದಾಖಲೆ

ಜಾಗ ಉಡುಪಿ ಕಡೆಯ ಹಿತ್ತಲು, ಕೆಂಪು ಮುರಮಣ್ಣು. ಚಪ್ಪರ 12 ಅಡಿ ಉದ್ದ, 8 ಅಡಿ ಅಗಲ. ಬುಡದಲ್ಲಿ 6 ಗುಂಡಿ. ಬಸಳೆ ಎರಡು ಬಗೆ: ಅಜ್ಜಿಮನೆಯಿಂದ ಬಂದ ದಪ್ಪ ಹಸಿರು ದಂಟಿನದು, ದೊಡ್ಡಮ್ಮನ ಮನೆಯ ಕೆಂಪು ದಂಟಿನದು. ಬಸಳೆ ತುಂಡಿನಿಂದ ತುಂಡಿಗೆ ಮುಂದುವರಿಯುವ ಬಳ್ಳಿಯಾದ್ದರಿಂದ ಈಗ ಚಪ್ಪರ ಹತ್ತಿರುವುದು ಅಜ್ಜಿ ನೀರು ಹೊಯ್ದ ಬಳ್ಳಿಯೇ. ಒಂದು ಮಳೆಗಾಲದಲ್ಲಿ ಕೊಳೆತರೆ ಅಲ್ಲಿಗೆ ಮುಗಿಯಿತು, ಸಂತೆಯಲ್ಲಿ ಸಿಗುವುದು ಇನ್ಯಾರದೋ ಬಸಳೆ. ಹಾಗಾಗಿ ಇಲ್ಲಿ ಕೊಯ್ಲಿಗಿಂತ ಬಳ್ಳಿ ಉಳಿಸುವ ಲೆಕ್ಕವೇ ಜಾಸ್ತಿ.

ಸೆಪ್ಟೆಂಬರ್ ಕೊನೆ

ಮಳೆ ಹಿಂದೆಗೆಯುತ್ತಿದ್ದಂತೆ ಗುಂಡಿ. ಒಂದೂವರೆ ಅಡಿ ಅಗಲ, ಒಂದಡಿ ಆಳ, ಗುಂಡಿಯ ನಡುವಿನಿಂದ ನಡುವಿಗೆ ಎರಡಡಿ. ಪ್ರತಿ ಗುಂಡಿಗೆ ಎರಡು ಬುಟ್ಟಿ ಸುಡುಮಣ್ಣು, ಒಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ. ಸುಡುಮಣ್ಣನ್ನು ಏಪ್ರಿಲ್‌ನಲ್ಲೇ ಸುಟ್ಟು ಮಳೆ ತಾಗದಲ್ಲಿ ರಾಶಿ ಹಾಕಿಡಬೇಕು: ತರಗೆಲೆ, ಕಡ್ಡಿ, ಮೇಲೊಂದು ಪದರ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು. ಉರಿ ಏಳಬಾರದು, ಹೊಗೆಯಾಡುತ್ತ ಬೇಯಬೇಕು. ಕರಾವಳಿಯ ಮಳೆಗೆ ಸಾರವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಸುಡುಮಣ್ಣಿನ ಬೂದಿ ಆ ಹುಳಿ ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಕಳೆಬೀಜ, ಬೇರುಗಂಟಿನ ಜಂತು (ಬೇರು ಹೊಕ್ಕು ಗಂಟು ಕಟ್ಟಿಸುವ ಸಣ್ಣ ಹುಳು) ಸುಡುವಾಗಲೇ ಸಾಯುತ್ತವೆ.

ಹೋದ ವರ್ಷ ಬೆಂಡೆ, ಬದನೆ ಇದ್ದ ಜಾಗ ಬೇಡ. ಬೇರುಗಂಟಿನ ಜಂತಿಗೆ ಅವೆರಡೂ ಇಷ್ಟ.

ಅಕ್ಟೋಬರ್, ನವರಾತ್ರಿಯ ಹೊತ್ತು

ನಾಟಿ. ಹೆಬ್ಬೆರಳು ದಪ್ಪದ ಬಲಿತ ದಂಟು, ಒಂದಡಿ ಉದ್ದ, ನಾಲ್ಕೈದು ಗೆಣ್ಣು. ಸಾರಿಗೆ ಹಾಕಿದರೆ ನಾರು ಸಿಗುವಷ್ಟು ಬಲಿತದ್ದೇ ನೆಡಲು ಲೇಸು. ಎಳೆಯದು ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಎಲೆ ಸವರಿ, ಕೊಯ್ದ ಬಾಯಿ ಒಣಗಲು ಒಂದು ದಿನ ನೆರಳಲ್ಲಿಟ್ಟು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಮಲಗಿಸುವುದು. ಗುಂಡಿಗೆ ಮೂರು ತುಂಡು. ಮೇಲೆ ತೆಂಗಿನ ಮಡಲಿನ ನೆರಳು. ಹೊಸ ಚಿಗುರು ಕಂಡ ಮೇಲೆ ಮಡಲು ತೆಗೆದರಾಯಿತು.

ನಾಲ್ಕು ಗುಂಡಿ ಹಸಿರಿಗೆ, ಆಚೆ ತುದಿಯ ಎರಡು ಕೆಂಪಿಗೆ. ಹಸಿರು ಬಸಳೆಯೇ ಎರಡು ಮನೆಯದ್ದಿದ್ದರೆ ಒಂದೇ ಚಪ್ಪರಕ್ಕೆ ಹತ್ತಿಸಬಾರದು. ಹೆಣೆದುಕೊಂಡ ಮೇಲೆ ಯಾವುದು ಯಾರದ್ದೆಂದು ಹೇಳುವವರಿಲ್ಲ. ಬುಡಕ್ಕೊಂದು ತಗಡಿನ ಚೀಟಿ, ಅದರಲ್ಲಿ ಬಂದ ಮನೆ, ಬಂದ ವರ್ಷ. ಪ್ಲಾಸ್ಟಿಕ್ ಚೀಟಿಯ ಬರಹ ಒಂದು ಬೇಸಿಗೆಗೆ ಮಾಸುತ್ತದೆ. ತಗಡಿನಲ್ಲಿ ಮೊಳೆಯಿಂದ ಗೀಚಿದ್ದು ಉಳಿಯುತ್ತದೆ.

ನವೆಂಬರ್

ಚಪ್ಪರ. ಎತ್ತರ ಐದೂವರೆ ಅಡಿ, ಅಡಿಯಲ್ಲಿ ನಿಂತು ಕೊಯ್ಯುವಷ್ಟು. ಕಂಬಕ್ಕೆ ಗಾಳಿಮರ (ಸರ್ವೆ), ಗೆದ್ದಲು ಹತ್ತದಂತೆ ಹೂಳುವ ಭಾಗವನ್ನು ಬೆಂಕಿಯಲ್ಲಿ ಕರಕಲು ಮಾಡಿದ್ದು. ಮೇಲೆ ಸೀಳಿದ ಅಡಿಕೆ ಮರ, ಅದರ ಮೇಲೆ ಒಣ ಅಡರು, ಅಂದರೆ ಕವಲಿರುವ ಸಣ್ಣ ರೆಂಬೆ. ನೈಲಾನ್ ಬಲೆ ಅಗ್ಗ, ಕಟ್ಟುವುದೂ ಸುಲಭ. ಆದರೆ ನೀರು ತುಂಬಿದ ಬಸಳೆ ದಂಟಿನ ಭಾರಕ್ಕೆ ಬಲೆ ಜೋತುಬೀಳುತ್ತದೆ, ದಾರ ದಂಟನ್ನು ಕೊಯ್ಯುತ್ತದೆ, ಗಾಯವಾದಲ್ಲಿ ಕೊಳೆ ಶುರುವಾಗುತ್ತದೆ. ಅಡರಿನ ಖರ್ಚು ಬರೀ ಬೆವರು.

ಬಳ್ಳಿ ಚಪ್ಪರ ಮುಟ್ಟಿದ ಕೂಡಲೇ ತುದಿ ಚಿವುಟಬೇಕು, ಕವಲೊಡೆಯಲು.

ಡಿಸೆಂಬರ್–ಜನವರಿ

ಹಗಲು ಚಿಕ್ಕದಾದಾಗ ಬಸಳೆ ಹೂ ಬಿಡುತ್ತದೆ, ಎಲೆ ಸಣ್ಣದಾಗುತ್ತದೆ. ಗೊಬ್ಬರ ಸಾಲದೆಂದು ಗಾಬರಿ ಬೇಡ. ಹೂವಿನ ಕವಲು ಕತ್ತರಿಸಿ ಹಿಂಡಿ ನೀರು ಕೊಟ್ಟರೆ ಹೊಸ ಚಿಗುರು ಬರುತ್ತದೆ. ಒಂದು ಕಿಲೋ ನೆಲಗಡಲೆ ಹಿಂಡಿಯನ್ನು 10 ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಒಂದಕ್ಕೆ ಎಂಟು ಪಾಲು ನೀರು ಬೆರೆಸಿ, 15 ದಿನಕ್ಕೊಮ್ಮೆ ಬುಡಕ್ಕೆ. ಅದೇ ದಿನ ಬೂದಿ ಹಾಕಬಾರದು, ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಬೂದಿಗೆ ಒಂದು ವಾರದ ಅಂತರವಿರಲಿ, ಗುಂಡಿಗೆ ಒಂದು ಹಿಡಿ ಸಾಕು.

ಹಿಂದೆ ಬಸಳೆ ಬುಡ ಇರುತ್ತಿದ್ದುದು ಬಚ್ಚಲ ನೀರು ಹರಿಯುವಲ್ಲಿ. ಆಗ ಹರಿಯುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟಿನ ನೀರು. ಈಗಿನ ಶಾಂಪೂ, ಬಟ್ಟೆ ಸೋಪಿನ ನೀರಿನಲ್ಲಿ ಸೋಡಿಯಂ ಇದೆ. ಮಣ್ಣು ಗಟ್ಟಿಯಾಗುತ್ತದೆ, ಎಲೆಯಂಚು ಸುಡುತ್ತದೆ. ಹಳೆಯ ಜಾಗದ ಮೋಹದಿಂದ ಅಲ್ಲೇ ನೆಡುವುದಾದರೆ ಬಚ್ಚಲ ಪೈಪನ್ನು ಬೇರೆ ಕಡೆ ತಿರುಗಿಸಬೇಕು. ಅಕ್ಕಿ, ತರಕಾರಿ ತೊಳೆದ ನೀರಿಗೆ ಅಡ್ಡಿಯಿಲ್ಲ.

ಮೊದಲ ಕೊಯ್ಲು ಜನವರಿ ಮೊದಲಿಗೆ. ಉಗುರು ಸಲೀಸಾಗಿ ಇಳಿದರೆ ಅಡುಗೆಗೆ, ಇಳಿಯದಿದ್ದರೆ ನಾಟಿಗೆ. ಬುಡದಿಂದ ಕತ್ತರಿಸುವುದಲ್ಲ, ಪ್ರತಿ ಕವಲಿನಲ್ಲೂ ಎರಡು ಗೆಣ್ಣು ಬಿಟ್ಟು ಹರಿತ ಕತ್ತಿಯಿಂದ. ಎಲೆ ಮಾತ್ರ ಕಿತ್ತು ದಂಟು ಬಿಡುವವರು ಅಡುಗೆ ತಿಳಿದವರಲ್ಲ. ಹಲಸಿನ ಬೀಜದ ಜೊತೆಗಿರಲಿ, ಸಿಗಡಿಯ ಜೊತೆಗಿರಲಿ, ಸಾರಿಗೆ ಮೈ ಕೊಡುವುದು ದಂಟು.

ಫೆಬ್ರವರಿ

ಎಲೆಚುಕ್ಕೆ. ದುಂಡು ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕೆನ್ನೇರಳೆ ಅಂಚು. ಕೊನೆಗೆ ನಡುಭಾಗ ಉದುರಿ ತೂತು. ಚಪ್ಪರದ ಮೇಲಿಂದ ಪೈಪು ಹಿಡಿದು ನೀರು ಹಾರಿಸಿದರೆ ಇದು ತಪ್ಪದು. ನೀರು ಬುಡಕ್ಕೆ, ಅದೂ ಬೆಳಿಗ್ಗೆ. ಚುಕ್ಕೆ ಬಿದ್ದ ಎಲೆ ಸುಡಬೇಕು, ಗೊಬ್ಬರ ಗುಂಡಿಗೆ ಹಾಕಬಾರದು. ದಟ್ಟ ಕವಲು ತೆಳುಗೊಳಿಸಿದರೆ ಗಾಳಿಯಾಡಿ ಹತೋಟಿಗೆ ಬರುತ್ತದೆ. ತಿನ್ನುವ ಸೊಪ್ಪು, ಮದ್ದು ಹೊಡೆಯುವ ಮಾತೇ ಇಲ್ಲ.

ಮಣ್ಣು ಒದ್ದೆಯಿದ್ದೂ ಮಧ್ಯಾಹ್ನ ಬಾಡುವ ಬಳ್ಳಿಯಿದ್ದರೆ ಬೇರು ಕೆದಕಿ ನೋಡಿ. ಬೇರೇ ಉಬ್ಬಿದಂಥ ಗಂಟುಗಳಿದ್ದರೆ ಜಂತು ಹೊಕ್ಕಿದೆ. ಆ ಬುಡದಿಂದ ಬೇರು ಸಮೇತ ಯಾರಿಗೂ ಕೊಡಬಾರದು; ಮೇಲಿನ ದಂಟು ಕತ್ತರಿಸಿ ಕೊಡಬಹುದು.

ಮಾರ್ಚ್–ಏಪ್ರಿಲ್

ದಿನವೂ ಗುಂಡಿಗೆ 10 ಲೀಟರ್ ನೀರು, ಬುಡಕ್ಕೆ ತರಗೆಲೆ ಮುಚ್ಚಿಗೆ. ಕೊಯ್ಲು ವಾರಕ್ಕೊಮ್ಮೆ.

ಮೇ ಕೊನೆ

ವರ್ಷದ ಮುಖ್ಯ ಕೆಲಸ ಇದೇ. ಮಳೆ ಹಿಡಿದ ಮೇಲೆ ನೀರು ನಿಂತ ಗುಂಡಿಯಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮೊದಲ ಮಳೆಗೆ ಮುಂಚೆ ಎರಡೂ ಬಗೆಯ ಬಲಿತ ತುಂಡುಗಳನ್ನು ಚೀಲದಲ್ಲಿ ನೆಡಬೇಕು: ಮಣ್ಣು, ಮರಳು, ಗೊಬ್ಬರ ಸಮಪಾಲು, ತಳದಲ್ಲಿ ಐದಾರು ತೂತು, ಚೀಲದಡಿಗೆ ಎರಡು ಕಲ್ಲು. ಇಡುವ ಜಾಗ ಸೂರಿನ ಒಳಗಡೆ, ಬೆಳಕು ಬೀಳಬೇಕು, ಮಾಡಿನ ನೀರು ಬೀಳಬಾರದು. ಮಳೆಗಾಲದಲ್ಲಿ ಗೊಬ್ಬರ ಬೇಡ. ಮೇಲ್ಮಣ್ಣು ಒಣಗಿದರೆ ಮಾತ್ರ ಒಂದು ಚೊಂಬು ನೀರು.

ಬೀಜವೂ ಒಂದು ದಾರಿ. ಕಪ್ಪಾದ ಹಣ್ಣಿನ ತಿರುಳು ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಮುಂದಿನ ಅಕ್ಟೋಬರ್‌ಗೆ ಮೊಳೆಯುತ್ತದೆ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಆದರೆ ಬೀಜದ ಬಳ್ಳಿ ಚಪ್ಪರ ತುಂಬುವುದು ತಡ. ತುಂಡೆಲ್ಲ ಕೊಳೆತರೆ ಇರಲಿ ಎಂದು ಒಂದು ಪೊಟ್ಟಣ.

ಅದಕ್ಕಿಂತ ಗಟ್ಟಿ ಭದ್ರತೆ ಹಂಚುವುದು. ಒಂದು ಕಟ್ಟು ಗುಡ್ಡೆ ಮೇಲಿನ ಚಿಕ್ಕಮ್ಮನ ಮನೆಗೆ, ಒಂದು ಗದ್ದೆ ಬದಿಯ ನೆರೆಮನೆಗೆ, ಒಂದು ಬೆಂಗಳೂರಿನ ಬಾಲ್ಕನಿಗೆ. ಮೂರು ಕಡೆಯ ಮಳೆ, ಮಣ್ಣು ಬೇರೆ ಬೇರೆ; ಎಲ್ಲೆಡೆ ಒಟ್ಟಿಗೆ ಸಾಯುವುದು ಕಷ್ಟ. ಕೊಟ್ಟ ಮನೆ, ಕೊಟ್ಟ ತಿಂಗಳು ಪುಸ್ತಕದಲ್ಲಿ ಬರೆದಿದೆ. ಬೇರುಗಂಟಿನ ಜಂತು ತಗ್ಗಲಿ ಎಂದು ಹಳೆಯ ಗುಂಡಿಗಳಿಗೆ ಈ ಸಲ ಚೆಂಡುಹೂವು ಬಿತ್ತುವುದು, ಅಕ್ಟೋಬರ್‌ನ ಹೊಸ ಗುಂಡಿ ಚಪ್ಪರದ ಇನ್ನೊಂದು ಬದಿಯಲ್ಲಿ.