ಧಾರವಾಡದ ಮ್ಯಾರಥಾನಿಗೆ ಹೋಗುವವರು ಹುಬ್ಬಳ್ಳಿಯಲ್ಲಿ ತಂಗಬೇಡಿ

ಗದಗ, ಹಾವೇರಿ, ಲಕ್ಷ್ಮೇಶ್ವರ ಅಥವಾ ರೋಣದ ಕಡೆಯಿಂದ ಧಾರವಾಡಕ್ಕೆ ಮ್ಯಾರಥಾನ್ ಓಡಲೆಂದು ಹೋಗುವವರು ಹಿಂದಿನ ರಾತ್ರಿ ಧಾರವಾಡದಲ್ಲೇ ತಂಗಬೇಕು. ಉಳಿದದ್ದನ್ನು ಓದದೆ ಬಿಟ್ಟರೂ ಇದೊಂದನ್ನು ನೆನಪಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಲಾಡ್ಜುಗಳಿಗೆ ಬರವಿಲ್ಲ, ಎರಡು ಊರುಗಳ ನಡುವೆ ಇರುವುದು ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸುಗಳು ಒಂದರ ಹಿಂದೊಂದು ಓಡುತ್ತಲೇ ಇರುತ್ತವೆ ಎಂಬ ಲೆಕ್ಕವೆಲ್ಲ ಹಗಲಿಗೆ ಸರಿಹೋಗುತ್ತದೆ. ಪೂರ್ಣ ಮ್ಯಾರಥಾನಿನವರು ನಸುಕಿನ ಐದಕ್ಕೆಲ್ಲ ಮೈದಾನದಲ್ಲಿ ಇರಬೇಕು; ಆ ಹೊತ್ತಿಗೆ ಅಲ್ಲಿ ತಲುಪಿಸುವ ಚಿಗರಿ ಇಲ್ಲ.

ನಮ್ಮ ಗುಂಪು ಗದಗ-ಬೆಟಗೇರಿಯದು. ಪ್ರೌಢಶಾಲೆಯ ಶಿಕ್ಷಕರು, ಔಷಧ ಅಂಗಡಿಯವರು, ಬ್ಯಾಂಕಿನ ಮೇಡಂ, ನಾನು, ಇನ್ನೂ ಕೆಲವರು; ಯಾರೂ ಕ್ರೀಡಾಪಟುಗಳಲ್ಲ. ಬಿಬ್, ಅಂದರೆ ಓಟಗಾರರು ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಚೀಟಿಯ ವಿತರಣೆಯನ್ನು ಸಂಘಟಕರು ಹುಬ್ಬಳ್ಳಿಯಲ್ಲಿ, ಅದೂ ಶನಿವಾರ ಸಂಜೆಯವರೆಗೆ ಮಾತ್ರ ಇಟ್ಟಿದ್ದರಿಂದ ಅರ್ಧ ಜನ ಹುಬ್ಬಳ್ಳಿಯಲ್ಲೇ ಕೋಣೆ ಹಿಡಿಯುವುದೆಂದು ತೀರ್ಮಾನವಾಯಿತು, ಉಳಿದವರು ಧಾರವಾಡದಲ್ಲಿ ಪರಿಚಯದವರ ಮನೆಗೆ ಹೋದರು. ಆ ಕೋಣೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಓಟದ ವಾರ ಇಂಥದ್ದು ಯಾರಿಗಾದರೂ ಆಗಬಹುದು.

ಫೋನಿನಲ್ಲಿ 900 ರೂಪಾಯಿ ಹೇಳಿದ್ದ ಲಾಡ್ಜಿನವರು, ನಾವು ಬ್ಯಾಗು ಹೊತ್ತು ಎದುರು ನಿಂತಾಗ 1,600 ಎಂದರು. ಮದುವೆಯ ಹಂಗಾಮು, ಸಾದಾ ಕೋಣೆಗಳು ಮುಗಿದಿವೆ, ಉಳಿದಿರುವುದು ಎ.ಸಿ. ಮಾತ್ರ ಎಂಬುದು ಅವರು ಕೊಟ್ಟ ಕಾರಣ. ಎ.ಸಿ. ಹಾಕಲೇಬೇಡಿ, ಸಾದಾ ದರವನ್ನೇ ತೆಗೆದುಕೊಳ್ಳಿ ಎಂದು ಶಿಕ್ಷಕರು ವಾದಿಸಿ ನೋಡಿದರು. ಚಳಿಗಾಲದ ಆ ರಾತ್ರಿ ಎ.ಸಿ. ಯಾರಿಗೂ ಬೇಕಾಗಿರಲಿಲ್ಲ. ವಾದ ನಡೆಯಲಿಲ್ಲ. ಕೋಣೆಯೊಳಗೆ ಸ್ನಾನದ ಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: "ಬಿಸಿನೀರು ಬೆಳಿಗ್ಗೆ 6 ರಿಂದ 9". ಮೂರೂವರೆಗೆ ಏಳುವವರಿಗೆ ಅದರಿಂದ ಏನು ಪ್ರಯೋಜನ? ಕಿಟಕಿಯ ಕೆಳಗಿನ ಕಲ್ಯಾಣ ಮಂಟಪದಲ್ಲಿ ಬ್ಯಾಂಡಿನವರು ಹನ್ನೊಂದರ ತನಕ ಬಿಡಲಿಲ್ಲ. ಗದ್ದಲ ನನಗೆ ಮೊದಲಿನಿಂದಲೂ ಆಗುವುದಿಲ್ಲ, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಕಹಿ ಹೆಚ್ಚಾಗಿದ್ದರೂ ಇರಬಹುದು. ಔಷಧ ಅಂಗಡಿಯವರು ಅದೇ ಕೋಣೆಯಲ್ಲಿ ಗೊರಕೆ ಹೊಡೆದರು. ಕೋಣೆ ಹಿಡಿಯುವಾಗ ದರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಬಿಸಿನೀರು ಎಷ್ಟು ಹೊತ್ತಿಗೆ ಎಂದು ಕೇಳಿ, ಪಕ್ಕದಲ್ಲಿ ಮಂಗಲ ಕಾರ್ಯಾಲಯ ಇದೆಯೇ ಎಂದು ಅದಕ್ಕಿಂತ ಮೊದಲು ಕೇಳಿ.

ನಸುಕಿನಲ್ಲಿ ಆಟೋ ಹುಡುಕಿದ್ದು ಬೇರೆಯೇ ಪ್ರಸಂಗ. ಧಾರವಾಡಕ್ಕೆಂದರೆ ಒಬ್ಬರು 900 ಕೇಳಿದರು. ಹೆಚ್ಚಾಯಿತೆಂದಾಗ, ನಾವು ಹಾಕಿಕೊಂಡಿದ್ದ ಬಿಬ್ ನೋಡಿ, "ನಲವತ್ತೆರಡು ಕಿಲೋಮೀಟರ್ ಓಡವರಿಗೆ ಇಪ್ಪತ್ತು ಯಾವ ಲೆಕ್ಕರೀ? ಇಲ್ಲಿಂದನ ಓಡಿಕೋತ ಹೋಗ್ರಲ್ಲ" ಎಂದರು. ಕೊನೆಗೆ 800ಕ್ಕೆ ಒಪ್ಪಿದರು. ದಾರಿಯಲ್ಲಿ ಉಣಕಲ್ ಕೆರೆಯ ತಂಪು ಗಾಳಿ ತೆರೆದ ಆಟೋದೊಳಗೆ ನುಗ್ಗಿ, ಧಾರವಾಡ ತಲುಪುವಷ್ಟರಲ್ಲಿ ಮೀನಖಂಡಗಳು ಬಿಗಿದುಕೊಂಡಿದ್ದವು. ಹುಬ್ಬಳ್ಳಿಯಲ್ಲೇ ಇರಬೇಕಾಗಿ ಬಂದರೆ ಹಿಂದಿನ ದಿನವೇ ಕಾರು ಗೊತ್ತು ಮಾಡಿಕೊಂಡು ನಾಲ್ಕೈದು ಜನ ಹಂಚಿಕೊಳ್ಳುವುದು ಲೇಸು.

ಇನ್ನು ದಾರಿಯ ವಿಷಯ. ನಾವು ಓಡಿದ ದಾರಿ ಧಾರವಾಡದಿಂದ ಹೊರಟು ಟೋಲ್ ನಾಕಾ, ನವಲೂರು, ಸತ್ತೂರು ದಾಟಿ ರಾಯಾಪುರದ ಆಚೆ ತಿರುಗಿ, ಅದೇ ರಸ್ತೆಯಲ್ಲಿ ಮರಳುವಂಥದ್ದು. ಅರ್ಧ ಮ್ಯಾರಥಾನಿನವರಿಗೆ ಒಂದು ಸುತ್ತು, ಪೂರ್ಣ ಮ್ಯಾರಥಾನಿನವರಿಗೆ ಎರಡು. ಕೇಳಿದವರೆಲ್ಲ "ಸಪಾಟ ರಸ್ತಾ ಐತಿ" ಎಂದೇ ಹೇಳುತ್ತಾರೆ, ಬಸ್ಸಿನಲ್ಲಿ ಕುಳಿತು ನೋಡಿದರೆ ಹಾಗೆ ಕಾಣುತ್ತದೆ ಕೂಡ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹುಬ್ಬಳ್ಳಿ ಅದಕ್ಕಿಂತ ಸಾಕಷ್ಟು ತಗ್ಗಿನಲ್ಲಿದೆ. ಅಂದರೆ ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು. ಹೋಗುವಾಗ ಗಡಿಯಾರ ತೋರಿಸುವ ವೇಗವನ್ನು ಕಂಡು ಹಿಗ್ಗಬೇಡಿ, ಅದು ಇಳಿಜಾರು ಕೊಟ್ಟ ಸಾಲ. ಎರಡನೆಯ ಸುತ್ತಿನಲ್ಲಿ ರಾಯಾಪುರದ ತಿರುವು ಬರುವುದು ಮೂವತ್ತೊಂದು ಕಿಲೋಮೀಟರ್ ದಾಟಿದ ಮೇಲೆ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಹೆಚ್ಚಿನವರಲ್ಲಿ ತಳ ಕಾಣುವುದೂ ಮೂವತ್ತು-ಮೂವತ್ತೈದರ ನಡುವೆಯೇ. ಹೀಗಾಗಿ ಮೈಯಲ್ಲಿ ಕಸುವು ಮುಗಿಯುವ ಹೊತ್ತೂ ಸತ್ತೂರಿನ ಏರು ಎದುರಾಗುವ ಹೊತ್ತೂ ಒಂದೇ ಆಗುತ್ತದೆ. ಅಲ್ಲಿ ನಡೆದವರೇ ಹೆಚ್ಚು, ನಡೆಯುವುದರಲ್ಲಿ ಅವಮಾನವೂ ಇಲ್ಲ. ನವಲೂರಿನ ಸೇತುವೆಯ ಏರನ್ನಂತೂ ನಮ್ಮ ಬ್ಯಾಂಕಿನ ಮೇಡಂ ಮೊದಲೇ ಯೋಜಿಸಿದಂತೆ ಎರಡೂ ಸಲ ನಡೆದೇ ಹತ್ತಿದರು, ಮತ್ತು ನಮ್ಮೆಲ್ಲರಿಗಿಂತ ಮುಂದೆ ಮುಗಿಸಿದರು.

ಗಾಳಿಯ ವಿಷಯವನ್ನು ಯಾರೂ ಹೇಳುವುದಿಲ್ಲ. ಚಳಿಗಾಲದಲ್ಲಿ ಈ ಸೀಮೆಯಲ್ಲಿ ಬೀಸುವುದು ಮೂಡಗಾಳಿ. ಹುಬ್ಬಳ್ಳಿಯ ದಿಕ್ಕಿಗೆ ಓಡುವಾಗ ಅದು ಎದೆಗೆ ಬಡಿದು ತಂಪು ಮಾಡುತ್ತದೆ. ಮರಳುವಾಗ ಬೆನ್ನಿಗೆ ಬರುವುದರಿಂದ ಗಾಳಿಯೇ ನಿಂತುಹೋದಂತಾಗಿ ಬೆವರು ಆರುವುದಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ, ಆದರೆ ನಾಲ್ಕೂವರೆ-ಐದು ಗಂಟೆ ತೆಗೆದುಕೊಳ್ಳುವ ನಮ್ಮಂಥವರು ಕೊನೆಯ ಹತ್ತು ಕಿಲೋಮೀಟರನ್ನು ಬಿಸಿಲಿನಲ್ಲೇ ಓಡಬೇಕು. ರಸ್ತೆ ಅಗಲಿಸುವಾಗ ಹಳೆಯ ಮರಗಳು ಹೋಗಿರುವುದರಿಂದ ನೆರಳನ್ನು ನೆಚ್ಚಿಕೊಳ್ಳುವಂತಿಲ್ಲ. ಟೊಪ್ಪಿಗೆ ಇರಲಿ.

ನೀರಿನ ವ್ಯವಸ್ಥೆ ಮೊದಲ ಸುತ್ತಿನಲ್ಲಿ ಚೆನ್ನಾಗಿತ್ತು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಮೇಜುಗಳ ಮೇಲೆ ಬರೀ ನೀರು ಉಳಿದಿತ್ತು, ಓ.ಆರ್.ಎಸ್., ಬಾಳೆಹಣ್ಣು, ಉಪ್ಪು ಹಚ್ಚಿದ ಕಿತ್ತಳೆ ಎಲ್ಲವೂ ಖಾಲಿ. ನಿಧಾನವಾಗಿ ಓಡುವವರಿಗೇ ಅವು ಹೆಚ್ಚು ಬೇಕು ಎಂಬುದು ವ್ಯವಸ್ಥೆ ಮಾಡುವವರಿಗೆ ಯಾಕೋ ಹೊಳೆಯುವುದಿಲ್ಲ. ಗಂಟೆಗಟ್ಟಲೆ ಬೆವರು ಸುರಿಸುತ್ತ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಕಾಣಿಸಿಕೊಳ್ಳಬಹುದು, ವಿಪರೀತಕ್ಕೆ ಹೋದರೆ ಅದು ಜೀವಕ್ಕೇ ಅಪಾಯ. ಆದ್ದರಿಂದ ಬಾಯಾರಿದಷ್ಟು ಮಾತ್ರ ಕುಡಿಯಿರಿ. ಸಣ್ಣ ಬಾಟಲಿಯಲ್ಲಿ ಓ.ಆರ್.ಎಸ್. ಕಲಸಿ ಸೊಂಟದ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಆದರೆ ಹದ ತಪ್ಪಬಾರದು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆಂದೇ ಇರುತ್ತದೆ, ಅದನ್ನು ಅರ್ಧ ಲೀಟರಿಗೆ ಸುರಿದವರ ಹೊಟ್ಟೆ ತೊಳಸಿದ್ದನ್ನು ನೋಡಿದ್ದೇನೆ.

ತಯಾರಿಯ ಬಗ್ಗೆ ಗದಗಿನವರಿಗಾಗಿ ಒಂದೆರಡು ಮಾತು. ನಮ್ಮ ಭಾನುವಾರದ ದೀರ್ಘ ಓಟ ಲಕ್ಕುಂಡಿಗೆ. ಹೋಗಿ ಬಂದರೆ ಅರ್ಧ ಮ್ಯಾರಥಾನಿಗಿಂತ ತುಸು ಹೆಚ್ಚೇ ಆಗುತ್ತದೆ. ಊರೊಳಗಿನ ಗುಡಿಗಳ ಓಣಿಗಳನ್ನು ಸುತ್ತಿದರೆ ಇನ್ನೂ ಎರಡು ಕಿಲೋಮೀಟರ್ ಸೇರುತ್ತದೆ. ಹೆದ್ದಾರಿಯಾದ್ದರಿಂದ ಬಲಬದಿಗೆ, ಎದುರು ಬರುವ ಲಾರಿ ಕಣ್ಣಿಗೆ ಕಾಣುವಂತೆ ಓಡಬೇಕು, ಹೊಳೆಯುವ ಪಟ್ಟಿಯ ಜಾಕೀಟು ಹಾಕಿಕೊಳ್ಳಲೇಬೇಕು. ಆದರೆ ಈ ದಾರಿ ಕಾಲಿಗೆ ಏರನ್ನು ಕಲಿಸುವುದಿಲ್ಲ. ಧಾರವಾಡಕ್ಕೆ ಹೋಗುವ ಉದ್ದೇಶವಿದ್ದರೆ ತಿಂಗಳಿಗೆ ಒಂದೆರಡು ಸಲವಾದರೂ ಡೋಣಿಯ ಕಡೆ ಹೋಗಿ ಕಪ್ಪತಗುಡ್ಡದ ಬುಡದ ರಸ್ತೆಗಳಲ್ಲಿ ಏರಿಳಿದು ಬನ್ನಿ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಏಕೆಂದರೆ ತೊಡೆಯ ಮುಂಭಾಗದ ಸ್ನಾಯುಗಳನ್ನು ಜರ್ಝರಿತ ಮಾಡುವುದು ಇಳಿಜಾರೇ. ವಾರದ ಓಟಗಳಲ್ಲಿ ಹೆಚ್ಚಿನವು ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಬರುವಷ್ಟು ನಿಧಾನವಿರಲಿ. ಓಟಕ್ಕೆ ಎರಡು-ಮೂರು ವಾರ ಇರುವಾಗ ದೂರವನ್ನು ಇಳಿಸುತ್ತ ಬನ್ನಿ. ಆಗ ಓಡಿದ್ದರಿಂದ ಹೊಸ ಬಲ ಬರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ಬೂಟು, ವ್ಯಾಸಲಿನ್ ಇತ್ಯಾದಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ.

ಊಟದ ವಿಷಯಕ್ಕೆ ಬಂದರೆ ಧಾರವಾಡದ ಬಗ್ಗೆ ನನ್ನ ದೂರುಗಳೆಲ್ಲ ಕರಗುತ್ತವೆ. ಶನಿವಾರ ಮಧ್ಯಾಹ್ನ ದಾರಿ ನೋಡಿಕೊಂಡು ಬರೋಣವೆಂದು ಚಿಗರಿಯಲ್ಲಿ ಹೋದವರು ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಖಾನಾವಳಿಗೆ ನುಗ್ಗಿದೆವು. ಹೊರಗೆ ಸರಿಯಾದ ಬೋರ್ಡೂ ಇಲ್ಲ, ಒಳಗೆ ಐದಾರು ಮೇಜು, ಗೋಡೆಗೆ ಒರಗಿಸಿದ ಜೋಳದ ಹಿಟ್ಟಿನ ಚೀಲ, ಒಲೆಯ ಮುಂದೆ ಕುಳಿತು ಪಟಪಟನೆ ರೊಟ್ಟಿ ಬಡಿಯುವ ಅಕ್ಕ. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ. ಇಷ್ಟಕ್ಕೂ ನೂರು ರೂಪಾಯಿ. ಎಣ್ಣೆಗಾಯಿಯ ಮೇಲೆ ತೇಲುತ್ತಿದ್ದ ಕೆಂಪು ಎಣ್ಣೆಯನ್ನು ರೊಟ್ಟಿಯ ಚೂರಿನಿಂದ ಒರೆಸಿ ಬಾಯಿಗಿಟ್ಟ ಔಷಧ ಅಂಗಡಿಯವರು ಇನ್ನೊಂದು ರೊಟ್ಟಿಗೆ ಕೈ ಚಾಚಿದಾಗ ಅಕ್ಕ, "ನಾಳೆ ಓಡಾಕ ಬಂದೀರೇನ್ರೀ? ಹಂಗಾರ ರೊಟ್ಟಿ, ಕಾಳು ಭಾಳ ತಿನಬ್ಯಾಡ್ರಿ, ಹೊಟ್ಟಿ ಹಿಡೀತತಿ. ಅನ್ನ ಉಣ್ರಿ" ಎಂದು ತಾವೇ ಅನ್ನ ಬಡಿಸಿ ಕಟ್ಟಿನ ಸಾರು ಹಾಕಿದರು. ಹಣ ಕೊಟ್ಟು ಕೇಳುವ ಸಲಹೆಯೂ ಇದೇ ಆಗಿರುತ್ತದೆ: ಓಟದ ಹಿಂದಿನ ದಿನ ನಾರಿನ ಅಂಶ ಕಡಿಮೆ, ಬೇಗ ಅರಗುವ ಅನ್ನದಂಥದ್ದು ಹೆಚ್ಚು. ಧಾರವಾಡದಲ್ಲಿ ತಂಗಿದ್ದ ನಮ್ಮವರು ರಾತ್ರಿಯೂ ಅಲ್ಲಿಗೇ ಹೋಗಿ ಏಳು ಗಂಟೆಯೊಳಗೆ ಅನ್ನ-ಸಾರು, ಮೊಸರನ್ನ ಉಂಡು ಮಲಗಿದರು. ನಾವು ಹುಬ್ಬಳ್ಳಿಯಲ್ಲಿ ಎಣ್ಣೆ ಸುರಿವ ಫ್ರೈಡ್ ರೈಸ್ ತಿಂದೆವು.

ಓಟ ಮುಗಿದ ಮೇಲೆ ಪದಕದ ಜೊತೆ ಕೊಟ್ಟ ಪೊಟ್ಟಣದ ಇಡ್ಲಿ ತಣ್ಣಗಾಗಿ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲೇ ಹತ್ತಿರ ಗಾಡಿಯ ಮೇಲೆ ಗಿರಮಿಟ್ ಸಿಕ್ಕಿತು. ಚುರುಮುರಿ, ಹುಣಸೆ-ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಉಪ್ಪು, ಹಸಿ ಉಳ್ಳಾಗಡ್ಡಿ: ಬೆವರಿನಲ್ಲಿ ಹೋದದ್ದೆಲ್ಲ ಒಂದೇ ಕಾಗದದಲ್ಲಿ ಮರಳಿ ಬಂದಿತ್ತು. ಜೊತೆಗೆ ಕೊಡುವ ಮಿರ್ಚಿಯನ್ನು ಮಾತ್ರ ಒಂದೆರಡು ಗಂಟೆ ತಡೆದು ತಿನ್ನಿ. ಫೇಡೆ ಒಯ್ಯುವವರು ಲೈನ್ ಬಜಾರಿನ ಸರದಿಯಲ್ಲಿ ನಿಲ್ಲಲು ಓಡದೆ ಬಂದ ಮನೆಯವರನ್ನು ಕಳಿಸುವುದು ಒಳ್ಳೆಯದು. ನವಲೂರಿನ ಪೇರಲಕ್ಕೆ ಕಾಲವಿದ್ದರೆ ಅದನ್ನೂ ಬಿಡಬೇಡಿ.

ಮರಳುವಾಗ ಬಸ್ಸಿಗಿಂತ ರೈಲು ಉತ್ತಮ. ಬಸ್ಸಿನ ಮೆಟ್ಟಿಲು ಎತ್ತರ, ಸೀಟಿನಲ್ಲಿ ಕಾಲು ಚಾಚಲು ಬರುವುದಿಲ್ಲ, ಅಣ್ಣಿಗೇರಿ ದಾಟುವಷ್ಟರಲ್ಲಿ ಮೊಣಕಾಲು ಮಡಚಿದಲ್ಲೇ ಸೆಟೆದಿರುತ್ತದೆ. ರೈಲಿನಲ್ಲಿ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಆದರೆ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುವವರು ಎಚ್ಚರವಾಗಿರಿ: 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ನಿಮ್ಮ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಯಾವ ತುದಿಗೆ ಬರುತ್ತದೆಂದು ವಿಚಾರಣಾ ಕಿಟಕಿಯಲ್ಲಿ ಕೇಳಿಕೊಂಡೇ ಹೆಜ್ಜೆ ಇಡಿ, ಮೇಲ್ಸೇತುವೆಯ ಬದಲು ಲಿಫ್ಟ್ ಎಲ್ಲಿದೆಯೆಂದೂ ಕೇಳಿ. ಸೋಮವಾರಕ್ಕೆ ರಜೆಯ ಅರ್ಜಿಯನ್ನು ಹೊರಡುವ ಮೊದಲೇ ಕೊಟ್ಟಿರಿ. ನಮ್ಮ ಶಿಕ್ಷಕರ ಹತ್ತನೆಯ ತರಗತಿ ಮೇಲಿನ ಮಹಡಿಯಲ್ಲಿದೆ. ಮರುದಿನ ಅವರು ಮಕ್ಕಳನ್ನೇ ಕೆಳಗೆ ಕರೆಸಿ, ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಪಾಠ ಮಾಡಿದರು.